ಸೊರ್ಬೆತ್ತೊ ಅಂದರೆ ಕುಡಿಯುವುದು

ಆ ಬೇಸಿಗೆ ಪೂರ್ತಿ ನಾನು ನೀರಿಗೆ ಹೆದರಿಕೊಂಡೇ ಬದುಕಿದೆ. ಹೊಳೆಯ ನೀರಿಗಲ್ಲ, ಸಮುದ್ರದ ನೀರಿಗಲ್ಲ, ಲೋಟದಲ್ಲಿರುವ ನೀರಿಗೆ.

ತೊಂಬತ್ತರ ದಶಕದ ನಡುವಿನ ಮಾತು. ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ನಾವು ಮನೆ ಮಾಡಿ ಹತ್ತು ವರ್ಷವಾಗಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ, ಲ್ಯಾಬಿಗೆ ಹೊರಡಲು ಷೂ ಲೇಸ್ ಕಟ್ಟುತ್ತಿದ್ದ ನನ್ನ ಯಜಮಾನರು ಕೂತಲ್ಲೇ ಬಲಕ್ಕೆ ವಾಲಿದರು. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಸುಮಾರು ಒಂದೂವರೆ ತಿಂಗಳು. ಜೀವ ಉಳಿಯಿತು, ಕಾಲು ಅಷ್ಟಿಷ್ಟು ಬಂತು, ಮಾತು ತೊದಲಿಕೊಂಡು ಬಂತು. ಬಲಗೈ ಮಾತ್ರ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಕೂತಿರುತ್ತಿತ್ತು. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದ ತೊಂದರೆ ಗಂಟಲಿನದು.

ನುಂಗುವುದನ್ನು ಕಲಿಸುವುದಕ್ಕೆಂದೇ ಆಸ್ಪತ್ರೆಯಲ್ಲಿ ಒಬ್ಬಳು ಥೆರಪಿಸ್ಟ್ ಇದ್ದಳು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಗಂಟಲಲ್ಲಿ ಎರಡು ದಾರಿ, ಒಂದು ಅನ್ನಕ್ಕೆ, ಒಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿಗೆ ಒಂದು ಮುಚ್ಚಳ ಬೀಳುತ್ತದೆ. ಇವರ ಮುಚ್ಚಳ ತಡವಾಗಿ ಬೀಳುತ್ತಿತ್ತು. ಗಟ್ಟಿ ಪದಾರ್ಥ ನಿಧಾನವಾಗಿ ಇಳಿಯುವುದರಿಂದ ಕಾಯುತ್ತದೆ. ನೀರು ಕಾಯುವುದಿಲ್ಲ, ಓಡಿಹೋಗಿ ಶ್ವಾಸಕೋಶಕ್ಕೆ ಬೀಳುತ್ತದೆ. ಆಸ್ಪತ್ರೆಯಲ್ಲಿದ್ದಾಗಲೇ ಹಾಗೆ ಬಿದ್ದು ಒಂದು ಸಲ ನ್ಯುಮೋನಿಯಾ ಆಗಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾದರೆ ಬಾಯಿಂದ ಊಟ ನಿಲ್ಲಿಸಿ ಹೊಟ್ಟೆಗೇ ಟ್ಯೂಬ್ ಹಾಕಬೇಕಾಗುತ್ತದೆ ಎಂದರು. ಸಾರಿನ ಒಗ್ಗರಣೆಯ ವಾಸನೆಯಲ್ಲೇ ಇವತ್ತು ಇಂಗು ಹೊಸ ಡಬ್ಬಿಯದೋ ಹಳೆಯದೋ ಎಂದು ಹೇಳುತ್ತಿದ್ದ ಮನುಷ್ಯ ಇವರು. ಡಾಕ್ಟರ ಆ ಮಾತನ್ನು ನಾನು ಇವರಿಗೂ ಹೇಳಲಿಲ್ಲ, ನಮ್ಮ ಜೊತೆಗೇ ಇದ್ದ ನನ್ನ ಅತ್ತೆಗೂ ಹೇಳಲಿಲ್ಲ. ಒಬ್ಬಳೇ ಇಟ್ಟುಕೊಂಡೆ.

ದ್ರವವೆಲ್ಲಕ್ಕೂ ಒಂದು ಬಿಳಿ ಪುಡಿ ಕಲಸಿ ಗಟ್ಟಿ ಮಾಡಿ ಕೊಡಬೇಕು. ಜೇನುತುಪ್ಪದಷ್ಟು ಗಟ್ಟಿ ಇರಲಿ ಎಂದು ಥೆರಪಿಸ್ಟ್ ಬರೆದುಕೊಟ್ಟಿದ್ದಳು. ಹದ ಎಂದರೆ ನನಗೇನು ಹೊಸದೇ? ಎಳೆಪಾಕ ನೋಡಿದ ಕೈ. ಚಮಚ ಓರೆ ಮಾಡಿ, ಧಾರೆ ಕಡಿಯದೆ ನಿಧಾನವಾಗಿ ಇಳಿದರೆ ಸರಿ ಎಂದು ಲೆಕ್ಕ ಹಿಡಿದೆ. ಕಾಫಿ, ಮಜ್ಜಿಗೆ, ತಿಳಿಸಾರು, ಮಾತ್ರೆಯ ನೀರು, ಎಲ್ಲಕ್ಕೂ ಪುಡಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವ ಹಾಗಿಲ್ಲ, ಒದ್ದೆ ಬಟ್ಟೆಯಿಂದ ಒರೆಸಬೇಕು.

ಮೊದಲ ದಿನದ ಕಾಫಿಯನ್ನು ಅತ್ತೆ ಬಗ್ಗಿ ನೋಡಿದರು.

"ಇದೇನೇ, ಕಾಫಿನೋ ಗೋಂದೋ? ಲಕೋಟೆ ಅಂಟಿಸ್ಬೋದು ಇದರಲ್ಲಿ."

"ಅಂ...ಟು," ಎಂದು ಇವರೂ ಸೇರಿಸಿ, ಬಾಯಿಯ ಎಡಭಾಗದಲ್ಲಿ ಮಾತ್ರ ನಕ್ಕರು. ಆ ಅರ್ಧ ನಗುವಿಗೇ ನನಗೆ ಅರ್ಧ ಜೀವ ಬಂದಿತ್ತು.

ನನಗೆ ಮೊದಲಿನಿಂದಲೂ ಒಂದು ನೋಟ್‌ಬುಕ್ ಬರೆಯುವ ಅಭ್ಯಾಸ. ಹಾಲು ತಂದದ್ದು, ತುಳಸಿ ಕುಂಡವನ್ನು ಚಳಿಗೆ ಒಳಗಿಟ್ಟದ್ದು, ಕಾರಿನ ಎಣ್ಣೆ ಬದಲಿಸಿದ್ದು, ಹೀಗೆ. ಈಗ ಅದರಲ್ಲಿ ಇವರ ಒಂದೊಂದು ತುತ್ತೂ ಬರೆಯತೊಡಗಿದೆ. ಏಳೂವರೆ, ಉಪ್ಪಿಟ್ಟು, ಮೆತ್ತಗೆ. ಹತ್ತು ಗಂಟೆ, ಮಜ್ಜಿಗೆ, ಎರಡು ಚಮಚ ಪುಡಿ. ಕೆಮ್ಮು ಬಂದರೆ ಕೆಂಪು ಪೆನ್ನು. ಜ್ವರ ದಿನಕ್ಕೆ ಮೂರು ಸಲ. ಮನೆಗೆ ಬಂದು ಹತ್ತು ದಿನವಾಗುವಷ್ಟರಲ್ಲಿ ಪುಟಗಳಲ್ಲಿ ಒಂದು ಸಂಗತಿ ಕಾಣತೊಡಗಿತು: ಕೆಂಪು ಗುರುತು ಬೀಳುತ್ತಿದ್ದುದು ಬೆಳಗಿನ ಹೊತ್ತು ಮಾತ್ರ, ಹೆಚ್ಚುಕಡಿಮೆ ಉಪ್ಪಿಟ್ಟಿನ ಸಮಯಕ್ಕೆ. ರವೆಯನ್ನು ಇನ್ನೂ ಮೆತ್ತಗೆ ಬೇಯಿಸಿದೆ. ಉಪ್ಪಿಟ್ಟು ಬಿಟ್ಟು ಇಡ್ಲಿ ಕಿವುಚಿ ಕೊಟ್ಟೆ. ಕೆಮ್ಮು ನಿಲ್ಲಲಿಲ್ಲ.

ಇಂಥ ಒಂದು ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆಯವರು ಬಂದರು. ನ್ಯೂಜೆರ್ಸಿಯಿಂದ ರಿಟೈರಾಗಿ ಬಂದಿದ್ದ ಎಪ್ಪತ್ತರ ಮನುಷ್ಯ. ಅವರ ಅಜ್ಜ ಅಜ್ಜಿ ಇಟಲಿಯವರು. ಕೈಯಲ್ಲಿ ಮಂಜು ಕಟ್ಟಿದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳಕ್ಕೆ ಅಂಟಿಸಿದ ಟೇಪಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಸೊರ್ಬೆತ್ತೊ ಎಂದು ಬರೆದಿತ್ತು.

ನಾನೇ ಮಾಡಿದ್ದು, ಐಸ್‌ಕ್ರೀಮ್ ಅಲ್ಲ, ನಿಮ್ಮ ಮನೆಯಲ್ಲಿ ಎಲ್ಲರೂ ತಿನ್ನಬಹುದು, ಹಾಲಿಲ್ಲ, ಮೊಟ್ಟೆಯಿಲ್ಲ, ನಿಂಬೆಹಣ್ಣು, ಸಕ್ಕರೆ, ನೀರು, ಇಷ್ಟೇ ಎಂದರು ಅವರು. ಮೊಟ್ಟೆಯಿಲ್ಲ ಎಂದದ್ದೇ ನನ್ನ ಕಿವಿ ನೆಮ್ಮದಿಯಾಗಿ ಮುಚ್ಚಿಕೊಂಡಿತು. ಅಮೆರಿಕಕ್ಕೆ ಬಂದಾಗಿನಿಂದ ಯಾವುದೇ ಡಬ್ಬಿ ಕೈಗೆ ಬಂದರೂ ನಾವು ಹುಡುಕುವುದು ಅದೊಂದನ್ನೇ. ಅವರು ಕೊನೆಯಲ್ಲಿ ಹೇಳಿದ ನೀರು ನನಗೆ ಕೇಳಿಸಿಯೂ ಕೇಳಿಸಲಿಲ್ಲ.

ಇವರು ಕುರ್ಚಿಯಿಂದಲೇ ಡಬ್ಬಿಯನ್ನು ನೋಡುತ್ತಿದ್ದರು. ಹೊರಗೆ ಜುಲೈ ಬಿಸಿಲು. ತಣ್ಣಗಿನದೊಂದು ನಾಲಿಗೆಗೆ ತಾಗಿ ಎರಡು ತಿಂಗಳಾಗಿತ್ತು; ಆ ಪುಡಿ ಕಲಸಿದ ಮೇಲೆ ಯಾವುದೂ ತಣ್ಣಗೆ ಎನ್ನಿಸುವುದಿಲ್ಲ.

"ಒಂ...ದೇ ಚಮಚ," ಎಂದರು.

ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಅಪ್ಪನ ಪರ ನಿಂತಳು. "ಕೊಡು ಅಮ್ಮ, ಇಟ್ಸ್ ಸಾಲಿಡ್. ಸ್ಪೂನಲ್ಲಿ ತಿನ್ನೋದು ತಾನೆ? ವಾಟ್ಸ್ ದ ಬಿಗ್ ಡೀಲ್?"

ನನಗೂ ಅದು ಸರಿಯೆನ್ನಿಸಿತು. ಚಮಚ ತೆಗೆದದ್ದೂ ಆಯಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಆ ಮುದುಕರು, ಸೊರ್ಬೆತ್ತೊ ಎಂಬ ಹೆಸರು ನಮ್ಮಜ್ಜಿಯ ಭಾಷೆಯದು, ಅವಳು ಹೇಳುತ್ತಿದ್ದಳು, ಇಟಲಿಯ ಮಾತಿನಲ್ಲಿ ಗುಟುಕರಿಸುವುದಕ್ಕೆ ಸೊರ್ಬೀರೆ ಎನ್ನುತ್ತಾರೆ, ಅದರಿಂದ ಬಂದ ಹೆಸರು ಎಂದು ಹೇಳಿ ಕೈಬೀಸಿ ಹೋದರು. ಗುಟುಕರಿಸುವುದು. ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ತಿನ್ನುವ ವಸ್ತುವಿಗೆ ಗುಟುಕಿನ ಹೆಸರು ಯಾಕೆ?

"ತಡೀರಿ. ಸೋಮವಾರ ಥೆರಪಿಸ್ಟ್‌ನ ಕೇಳಿ ಕೊಡ್ತೀನಿ."

ಇವರು ಮುಖ ತಿರುಗಿಸಿಕೊಂಡರು. ಮಗಳು "ಓ ಮೈ ಗಾಡ್" ಎಂದು ಮೆಟ್ಟಿಲು ಹತ್ತಿ ಹೋದಳು.

ಡಬ್ಬಿಯನ್ನು ಫ್ರೀಜರಿಗೆ ಸೇರಿಸಿ, ಇವರ ಕಪಾಟಿನಿಂದ ದಪ್ಪ ಇಂಗ್ಲಿಷ್ ಡಿಕ್ಷನರಿ ಇಳಿಸಿದೆ. ಇಂಟರ್ನೆಟ್ಟಿನಲ್ಲಿ ನೋಡುವ ಅಭ್ಯಾಸ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಪದದ ಮೂಲವನ್ನು ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಕೊಟ್ಟಿರುತ್ತಾರೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ. ಇಟಲಿಯವರಿಗೆ ಅದು ತುರ್ಕಿಯವರಿಂದ ಬಂದದ್ದು, ತುರ್ಕಿಯವರಿಗೆ ಅರಬ್ಬರಿಂದ, ಅರಬ್ಬರಲ್ಲಿ ಅದರ ಬೇರಿಗೆ ಕುಡಿಯುವುದು ಎಂದು ಅರ್ಥ. ಪಕ್ಕದಲ್ಲೇ ಅದೇ ಬೇರಿನ ಇನ್ನೊಂದು ಮಾತು: ಶೆರ್ಬೆತ್.

ಶರಬತ್ತು! ಎಷ್ಟು ದೂರ ಸುತ್ತಿಕೊಂಡು ಬಂದು ನನ್ನ ಫ್ರೀಜರಿನಲ್ಲಿ ಕೂತಿತ್ತು ಅದು. ಮೈಸೂರಿನಲ್ಲಿ ಬೇಸಿಗೆಗೆ ನಾವು ಹಿಂಡುತ್ತಿದ್ದ ನಿಂಬೆ ಶರಬತ್ತಿಗೂ ಈ ಡಬ್ಬಿಗೂ ಒಂದೇ ಮನೆತನ. ಬೇರೆ ದಿನವಾಗಿದ್ದರೆ ಎಲ್ಲರನ್ನೂ ಕರೆದು ತೋರಿಸುತ್ತಿದ್ದೆ. ಅವತ್ತು ಡಿಕ್ಷನರಿ ಮುಚ್ಚಿಟ್ಟೆ. ಪಕ್ಕದ ಮನೆಯವರ ಅಜ್ಜಿ ಗುಟುಕು ಅನ್ನುತ್ತಾಳೆ, ಡಿಕ್ಷನರಿ ಪಾನೀಯ ಅನ್ನುತ್ತದೆ. ಯಾವ ಕಡೆಯಿಂದ ಹೋದರೂ ಹೆಸರು ಹೋಗಿ ನಿಲ್ಲುವುದು ನೀರಿನಲ್ಲೇ. ಅಡುಗೆಮನೆಗೆ ಹೋಗಿ ಅರ್ಧ ಚಮಚ ಬಾಯಿಗೆ ಹಾಕಿಕೊಂಡು, ನಾಲಿಗೆ ಅಲ್ಲಾಡಿಸದೆ ಎಣಿಸಿದೆ. ಹನ್ನೊಂದು ಎನ್ನುವಷ್ಟರಲ್ಲಿ ಬಾಯಿ ತುಂಬ ಶರಬತ್ತು, ತೆಳ್ಳಗಿನ ಶರಬತ್ತು, ಓಡಿಹೋಗುವ ಶರಬತ್ತು.

ಮರುದಿನ ಶನಿವಾರ ಬೆಳಿಗ್ಗೆ ಮತ್ತೆ ಕೆಮ್ಮು. ಹಿಂದಿನ ದಿನಗಳಿಗಿಂತ ಜೋರು, ಕಣ್ಣಲ್ಲಿ ನೀರು ಬರುವಷ್ಟು. ಜ್ವರ ನೋಡಿದೆ: ತೊಂಬತ್ತೊಂಬತ್ತೂವರೆ. ಇನ್ನೂ ಜ್ವರವೆನ್ನುವ ಹಾಗಿಲ್ಲ, ಅಲ್ಲವೆನ್ನುವ ಹಾಗೂ ಇಲ್ಲ. ಫ್ರೀಜರ್ ತೆಗೆದು ಡಬ್ಬಿ ನೋಡಿದೆ. ಎರಡು ಬೆರಳಷ್ಟು ಕಡಿಮೆಯಾಗಿತ್ತು.

ಮಗಳ ಕೋಣೆಗೆ ಹೋದೆ. "ಅಪ್ಪನಿಗೆ ಕೊಟ್ಯಾ?"

"ವಾಟ್? ನೋ!"

"ನಿಜ ಹೇಳು. ಎರಡು ಬೆರಳು ಇಳಿದಿದೆ."

"ನಾನು ತಿಂದೆ, ಅಮ್ಮ. ನಾನು! ಐ ವಾಸ್ ಹಂಗ್ರಿ. ನೀನು ಅದನ್ನೂ ಬುಕ್‌ನಲ್ಲಿ ಬರೀತೀಯ ಅಂತ ನಂಗೆ ಗೊತ್ತಿರ್ಲಿಲ್ಲ. ಯು ಥಿಂಕ್ ಐ ವಾಂಟ್ ಹಿಮ್ ಸಿಕ್?"

ನಂಬಬೇಕಿತ್ತು. ನಂಬಲಿಲ್ಲ. ಡಬ್ಬಿಯನ್ನು ಫ್ರೀಜರಿನ ಕೆಳಗಿನ ಖಾನೆಯಲ್ಲಿ, ತುರಿದ ತೆಂಗಿನಕಾಯಿಯ ಪ್ಯಾಕೆಟ್ಟುಗಳ ಹಿಂದೆ ಬಚ್ಚಿಟ್ಟೆ. ಆ ದಿನ ಮಗಳು ಊಟದ ತಟ್ಟೆಯನ್ನು ತನ್ನ ಕೋಣೆಗೇ ತೆಗೆದುಕೊಂಡು ಹೋದಳು. ನಾನು ಟ್ಯೂಬಿನ ಯೋಚನೆಯಲ್ಲೇ ಬೇಳೆ ಸೀಯಿಸಿದೆ.

ಭಾನುವಾರ. ಅತ್ತೆಯ ಪೂಜೆ ಏಳೂಕಾಲಿಗೆಲ್ಲ ಮುಗಿಯುತ್ತಿತ್ತು. ಪ್ಯಾಂಟ್ರಿಯ ಒಂದು ಭಾಗವನ್ನೇ ದೇವರಮನೆ ಮಾಡಿಕೊಂಡಿದ್ದರು. ಮಂಗಳಾರತಿಯಾದ ಮೇಲೆ ತೀರ್ಥ. ಪಂಚಪಾತ್ರೆ, ಉದ್ಧರಣೆ ಎರಡನ್ನೂ ಹಿಡಿದು ಅವರೇ ಹೊರಗೆ ಬರುತ್ತಿದ್ದರು. ಉದ್ಧರಣೆ ಎಂದರೆ ತೀರ್ಥ ಕೊಡುವ ಬೆಳ್ಳಿಯ ಪುಟ್ಟ ಚಮಚ. ಮೊದಲು ಮಗನಿಗೆ. ಬಲಗೈ ಏಳುತ್ತಿರಲಿಲ್ಲವಲ್ಲ, ಎಡಗೈಯಲ್ಲಿ ತೀರ್ಥ ತೆಗೆದುಕೊಳ್ಳುವ ಹಾಗಿಲ್ಲ. ಅದಕ್ಕೆ ಇವರು ತಲೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ ಬಾಯಿ ತೆರೆಯುತ್ತಿದ್ದರು, ತಾಯಿ ತುಟಿಗೆ ತಾಗಿಸದೆ ಮೇಲಿನಿಂದ ಮೂರು ಸಲ ಬಿಡುತ್ತಿದ್ದರು. ಆಮೇಲೆ ನಾನು ಕೈಯೊಡ್ಡಿ ತೆಗೆದುಕೊಂಡು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡು, ತಿಂಡಿ ತರಲು ಒಳಗೆ ಹೋಗುತ್ತಿದ್ದೆ. ದಿನಾ ಹೀಗೆಯೇ.

ಅವತ್ತೂ ತಟ್ಟೆ ಹಿಡಿದು ಬರುವಷ್ಟರಲ್ಲಿ ಕೆಮ್ಮು ಶುರುವಾಗಿತ್ತು. ತಿಂಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಓಡಿಹೋಗಿ ಬಟ್ಟೆಯನ್ನು ಬಾಯಿಗೆ ಹಿಡಿದೆ. ಕೆಮ್ಮು ನಿಂತ ಮೇಲೆ ಬಟ್ಟೆ ಮಡಿಸಲು ಹೋದರೆ ಅದರ ಮೇಲೆ ಹಸಿರು ಚೂರೊಂದು. ಉಪ್ಪಿಟ್ಟಿನ ಕೊತ್ತಂಬರಿಯೇ? ಉಪ್ಪಿಟ್ಟು ಮಾಡದೆ ಮೂರು ದಿನವಾಗಿತ್ತು. ಬೆರಳಲ್ಲಿ ತಿಕ್ಕಿ ಮೂಸಿದೆ.

ತುಳಸಿ.

ಹನ್ನೆರಡು ದಿನ ಕಣ್ಣೆದುರಿಗೇ ನೋಡಿದ್ದೆ. ಸಿರಪ್ ಕೊಡಬಾರದು, ಕಲ್ಲಂಗಡಿ ಕೊಡಬಾರದು ಎಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದವಳು ನಾನು. ಒಂದು ಡಬ್ಬಿಯ ಹೆಸರನ್ನು ಹಿಡಿದು ಇಟಲಿ, ತುರ್ಕಿ, ಅರೇಬಿಯಾ ಸುತ್ತಿ ಅದರೊಳಗಿನ ನೀರನ್ನು ಹೊರಗೆ ಎಳೆದವಳು ನಾನು. ನೋಟ್‌ಬುಕ್ಕಿನ ಒಂದು ಪುಟದಲ್ಲೂ ತೀರ್ಥ ಇರಲಿಲ್ಲ. ಬರೆಯಲು ಮರೆತದ್ದಲ್ಲ. ತೀರ್ಥವನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ನೀರು ಎಂದುಕೊಂಡಿರಲೇ ಇಲ್ಲ. ಉಪವಾಸದ ದಿನ ನೀರೂ ಮುಟ್ಟದವರು ತೀರ್ಥ ತೆಗೆದುಕೊಳ್ಳುತ್ತಾರೆ. ಅದು ಬೇರೆಯ ಲೆಕ್ಕ.

"ಅತ್ತೇ," ಎಂದೆ. ಬಟ್ಟೆಯನ್ನು ಹಾಗೇ ಚಾಚಿದೆ.

ಅವರು ನೋಡಿದರು. ಕೈಯಲ್ಲಿದ್ದ ಪಂಚಪಾತ್ರೆ ನೋಡಿದರು. ಜಾಣೆ ಅವರು, ಬಿಡಿಸಿ ಹೇಳಬೇಕಾಗಲಿಲ್ಲ.

"ಅಯ್ಯೋ, ನಾನೇ ಕೊಟ್ಟೆನಲ್ಲೇ," ಎಂದರು. "ನನ್ನ ಕೈಯಾರೆ."

"ನಾನೂ ಇಲ್ಲೇ ನಿಂತಿದ್ದೆ ಅತ್ತೆ."

ಇವರು ಎಡಗೈಯಿಂದ ತಾಯಿಯ ಸೆರಗು ಹಿಡಿದುಕೊಂಡರು. "ನಂ...ಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀ...ರು." ಉಸಿರು ತೆಗೆದುಕೊಂಡು, ಒಂದೊಂದೇ ಮಾತು ಹೆಕ್ಕಿ ಹೇಳಿದರು. "ದಿನಕ್ಕೆ... ಅದೊಂದೇ... ನೀರು."

ನನಗೆ ಸಿಟ್ಟು ಬಂತು, ಎಂಥ ಸಿಟ್ಟು! ಹಿಂದೆಯೇ ಅವರ ಒಣಗಿದ ತುಟಿ ಕಂಡಿತು. ಬೆಳಿಗ್ಗೆ ಏಳುತ್ತಲೇ ದೇವರಮನೆಯ ಕಡೆ ಕಿವಿಯಿಟ್ಟು ಕೂರುತ್ತಿದ್ದುದನ್ನು ನಾನು ಭಕ್ತಿ ಎಂದುಕೊಂಡಿದ್ದೆ.

ಸಂಜೆಗೆ ಜ್ವರ ನೂರು ದಾಟಿತು. ಸೋಮವಾರ ಬೆಳಿಗ್ಗೆ ಆಸ್ಪತ್ರೆ, ಎದೆಯ ಎಕ್ಸ್‌ರೇ. ಬಲಗಡೆ ಕೆಳಗೆ ಸಣ್ಣ ನೆರಳಿದೆ, ಆಂಟಿಬಯೋಟಿಕ್ ಕೊಡೋಣ, ಗುರುವಾರ ನೋಡಿ ಟ್ಯೂಬಿನ ವಿಷಯ ತೀರ್ಮಾನ ಮಾಡೋಣ ಎಂದರು ಡಾಕ್ಟರು. ಈ ಸಲ ಇವರ ಎದುರಿಗೇ ಹೇಳಿದರು. ಇವರು ನನ್ನ ಮುಖ ನೋಡಿದರು, ನಾನು ಗೋಡೆಯ ಗಡಿಯಾರ ನೋಡಿದೆ.

ಥೆರಪಿಸ್ಟ್‌ಗೆ ಎಲ್ಲವನ್ನೂ ಹೇಳಿದೆ. ಅತ್ತೆಯನ್ನು ಕೇಳಿ ಉದ್ಧರಣೆಯನ್ನೂ ಕರವಸ್ತ್ರದಲ್ಲಿ ಸುತ್ತಿ ಕೊಂಡೊಯ್ದಿದ್ದೆ. ನಗುತ್ತಾಳೇನೋ, ಬೈಯುತ್ತಾಳೇನೋ ಅಂದುಕೊಂಡಿದ್ದೆ. ಅವಳು ಅದನ್ನು ಬೆಳಕಿಗೆ ಹಿಡಿದು, ಸೂಜಿಯಿಲ್ಲದ ಸಿರಿಂಜಿನಿಂದ ನೀರು ತುಂಬಿ ಅಳೆದಳು. ತಲೆ ಹಿಂದಕ್ಕೆ ಒರಗಿಸಿ ಕೊಡುತ್ತಿದ್ದಿರಾ ಎಂದು ಕೇಳಿದಳು. ಹೌದೆಂದೆ. ನೀರು ಇಷ್ಟು ಸ್ವಲ್ಪ, ಆದರೆ ತಲೆ ಹಾಗಿಟ್ಟರೆ ಉಸಿರಿನ ದಾರಿ ಪೂರ್ತಿ ತೆರೆದಿರುತ್ತದೆ ಎಂದಳು. ಸೊರ್ಬೆತ್ತೊ ಕೊಡದೆ ಇದ್ದದ್ದು ಒಳ್ಳೆಯದಾಯಿತು, ಬಾಯಲ್ಲಿ ಕರಗಿ ನೀರಾಗುವುದೆಲ್ಲ ನೀರೇ ಎಂದೂ ಹೇಳಿದಳು. ಆಮೇಲೆ, ಈ ತೀರ್ಥಕ್ಕೂ ಪುಡಿ ಕಲಸಬಹುದೇ ಎಂದು ಮೆಲ್ಲಗೆ ಕೇಳಿದಳು.

ಮನೆಗೆ ಬಂದು ಅತ್ತೆಯ ಮುಂದಿಟ್ಟೆ.

"ತೀರ್ಥಕ್ಕೆ ಯಾರಾದ್ರೂ ಹಿಟ್ಟು ಕಲಸ್ತಾರೇನೇ?" ಎಂದರು. ಭಾನುವಾರದಿಂದ ಸರಿಯಾಗಿ ಊಟ ಮಾಡದೆ ಅವರ ದನಿಯೇ ಸಣ್ಣಗಾಗಿತ್ತು. ಆಮೇಲೆ ತಾವೇ ಅಂದರು: "ಪ್ರೋಕ್ಷಣೆ ಮಾಡಿದ್ರಾಯ್ತು. ಹೊಟ್ಟೆಗೇ ಹೋಗ್ಬೇಕು ಅಂತ ದೇವ್ರೇನು ಕೇಳಿದಾನಾ?"

ಮರುದಿನದಿಂದ ಮಗನ ತಲೆಯ ಮೇಲೆ ತುಳಸಿದಳದಿಂದ ಮೂರು ಸಲ ಚಿಮುಕಿಸಿದರು. ಇವರು ಕಣ್ಣು ಮುಚ್ಚಿ ಕೂತಿದ್ದರು. ಒಂದು ಹನಿ ಹಣೆಯಿಂದ ಮೂಗಿನ ಪಕ್ಕ ಇಳಿದು ಬಂತು. ಅದು ತುಟಿ ಮುಟ್ಟುವ ಮೊದಲೇ ಅತ್ತೆ ಸೆರಗಿನಿಂದ ಒತ್ತಿ ಒರೆಸಿಬಿಟ್ಟರು.

ಮಂಗಳವಾರ ನೂರು. ಬುಧವಾರ ಬೆಳಿಗ್ಗೆ ತೊಂಬತ್ತೊಂಬತ್ತು, ಸಂಜೆಗೆ ತೊಂಬತ್ತೆಂಟೂವರೆ. ಥರ್ಮಾಮೀಟರ್ ಕೆಟ್ಟಿದೆಯೇನೋ ಎಂದು ನನ್ನ ಬಾಯಿಗೂ ಇಟ್ಟುಕೊಂಡು ನೋಡಿದೆ. ಗುರುವಾರ ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪನ್ನು ಅಲ್ಲಿಟ್ಟು ಇಲ್ಲಿಟ್ಟು ಬಹಳ ಹೊತ್ತು ಕೇಳಿ, ಸದ್ಯಕ್ಕೆ ಟ್ಯೂಬ್ ಬೇಡ ಎಂದರು. ಸದ್ಯಕ್ಕೆ ಎಂಬ ಮಾತನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ಸಂಜೆ ತೆಂಗಿನಕಾಯಿಯ ಹಿಂದಿನಿಂದ ಡಬ್ಬಿ ತೆಗೆದು, ಒಂದು ಚಮಚ ಸಿಕ್ಕಿಸಿ, ಮಗಳ ಮೇಜಿನ ಮೇಲಿಟ್ಟೆ.

"ಎಲ್ಲಾ ನೀನೇ ತಿನ್ನು. ನಾನು ನಿನ್ನ ನಂಬಬೇಕಿತ್ತು."

"ಬುಕ್‌ನಲ್ಲಿ ಬರಿ, ಅದನ್ನ," ಎಂದಳು, ತಲೆ ಎತ್ತದೆ. ಆದರೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ಆಗಸ್ಟ್ ಪೂರ್ತಿ ಇವರು ಕುತ್ತಿಗೆಯ ವ್ಯಾಯಾಮ ಮಾಡಿದರು, ಗದ್ದವನ್ನು ಎದೆಗೆ ಒತ್ತಿ ನುಂಗುವುದನ್ನು ಕಲಿತರು. ಸೆಪ್ಟೆಂಬರಿನಲ್ಲಿ ಎಕ್ಸ್‌ರೇ ಕೆಳಗೆ ಕೂರಿಸಿ ನುಂಗಿಸಿ ನೋಡಿದರು. ತೆರೆಯ ಮೇಲೆ ಕಪ್ಪು ಗುಟುಕೊಂದು ಇಳಿಯುವುದನ್ನು ನಾನೂ ನೋಡಿದೆ. ಮುಚ್ಚಳ ಬೀಳುತ್ತದೆಯೇ ಎಂದು ಕಾದೆ. ಬಿತ್ತು. ಲೋಟದಿಂದ ಇನ್ನೂ ಬೇಡ, ಪುಟ್ಟ ಚಮಚದಿಂದ, ಗದ್ದ ಕೆಳಗೆ ಮಾಡಿ, ಒಂದು ನುಂಗಿದ ಮೇಲೆ ಇನ್ನೊಂದು ಎಂದಳು ಥೆರಪಿಸ್ಟ್. ಎಷ್ಟು ಪುಟ್ಟ ಚಮಚ ಎಂದು ನಾನು ಕೇಳಿದ್ದಕ್ಕೆ, ನೀವು ಅವತ್ತು ತಂದಿದ್ದಿರಲ್ಲ, ಅಷ್ಟು ಎಂದಳು.

ಪಕ್ಕದ ಮನೆಯವರಿಗೆ ಸುದ್ದಿ ಹೇಗೆ ಮುಟ್ಟಿತೋ, ಮಗಳೇ ಹೇಳಿರಬೇಕು. ಸಂಜೆಗೆ ಹೊಸ ಡಬ್ಬಿ ಬಂತು. ಇವರು ಅದರ ಕಡೆ ನೋಡಿದರು, ನಾನು ಉದ್ಧರಣೆಯ ಕಡೆ ನೋಡಿದೆ.

"ಛೀ, ಪೂಜೆಯದು ಎಂಜಲಾಗುತ್ತೆ," ಎಂದು ಅತ್ತೆ ತಮ್ಮ ಟ್ರಂಕಿನ ತಳದಿಂದ ಅಂಥದೇ ಇನ್ನೊಂದು ತೆಗೆದುಕೊಟ್ಟರು. "ಆದ್ರೆ ಮೊದಲು ನನ್ನದು." ಸಂಜೆ ಹೊತ್ತಿನಲ್ಲೇ ಕೈಕಾಲು ತೊಳೆದು ಬಂದು, ಬೆಳಗಿನ ತೀರ್ಥದಲ್ಲಿ ಉಳಿಸಿಟ್ಟಿದ್ದನ್ನು ಹಿಡಿದು ನಿಂತರು. ತುಳಸಿದಳವನ್ನು ಬೇರೆ ತೆಗೆದಿಟ್ಟಿದ್ದರು.

"ಗದ್ದ ಕೆಳಗೆ ಮಾಡೋ," ಎಂದರು ಮಗನಿಗೆ. ಥೆರಪಿಸ್ಟ್‌ಗಿಂತ ಗಟ್ಟಿಯಾಗಿಯೇ ಹೇಳಿದರು.

ಒಂದು ಸಲ. ಕಾದೆವು. ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಎರಡು. ಮೂರು. ಕೆಮ್ಮಿಲ್ಲ. ಆಮೇಲೆ ನಾನು ಸೊರ್ಬೆತ್ತೊವನ್ನು ಬಟ್ಟಲಲ್ಲಿ ಕರಗಿಸಿ, ಎರಡನೆಯ ಉದ್ಧರಣೆಯಿಂದ ಒಂದು ಚಮಚ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಬಾಯಲ್ಲೇ ಇಟ್ಟುಕೊಂಡರು. ಮನಸ್ಸಿನಲ್ಲೇ ಎಣಿಸುತ್ತ ನಿಂತೆ. ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು, ಉಗುರು ಚುಚ್ಚುತ್ತಿತ್ತು.

ನುಂಗಿದರು.

"ಏನಂತಾರೋ ಇದನ್ನ?" ಎಂದು ಅತ್ತೆ ಕೇಳಿದರು.

"ಶರ...ಬತ್ತು," ಎಂದರು ಇವರು.

ನಾನು ನೋಟ್‌ಬುಕ್ ತೆಗೆದು ಗಂಟೆ ಬರೆದೆ, ಶರಬತ್ತು ಒಂದು ಚಮಚ ಎಂದು ಬರೆದೆ, ಕೆಮ್ಮಿಲ್ಲ ಎಂದು ಬರೆದೆ. ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ, ತಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು.

"ತೀರ್ಥ ಬರೆದೇ ಇಲ್ವಲ್ಲೇ. ಅದನ್ನ ಮೊದಲು ಬರಿ."

ಮೇಲಿನ ಸಾಲಿನಲ್ಲಿ ಜಾಗವಿತ್ತು. ಬರೆದೆ.